ಆಚೆ ದಂಡಿಯ ಕೊಕ್ಕರೆ

"ಒಂದೂರಾಗ ಒಬ್ಬಾಕಿ ತಾಯಿ, ಆಕಿಗೊಬ್ಬಾಕಿ ಮಗಳು. ತಾಯಿ ದನಿ ಹೆಂಗಿತ್ತಂದ್ರ, ಆಕಿ ಕರದ್ರ ಹೊಳಿ ಸೈತ ಹರಿಯೂದು ಬಿಟ್ಟು ಕೇಳತಿತ್ತು."

"ಹೂಂ."

"ಒಂದಿನ ಆಚೆ ದಂಡಿಯಿಂದ ನೀಲಿ ಕೊಕ್ಕರಿ ಬಂತು. ತಾಯಿ ದನಿ ನುಂಗಿ ಹಾರಿ ಹೋತು."

"ಹೂಂ."

"ಮಗಳು, ತಾರೂ ಅಂತ ಆಕಿ ಹೆಸರು, ಎಲೀದೊಂದು ದೋಣಿ ಮಾಡಿಕೊಂಡು ಹೊಳಿಗೆ ಇಳದ್ಲು. ನಡುಹೊಳಿಗೆ ಬರೂದಕ್ಕ ಕತ್ತಲಾತು. ಹುಟ್ಟು ಕೈಯಿಂದ ಜಾರಿ ನೀರಾಗ ಬಿತ್ತು."

ಹೂಂ ಬರಲಿಲ್ಲ.

ದಾನೇಶ್ವರಿ ಮೊಬೈಲಿನ ಮೇಲೆ ಬೆರಳಿಟ್ಟು ಸಿನಿಮಾ ನಿಲ್ಲಿಸಿದಳು. ಅದು ಹಿಂದಿಯ ಕಾರ್ಟೂನ್ ಸಿನಿಮಾ. ಅವಳು ನೋಡುತ್ತ ಕನ್ನಡದಲ್ಲಿ ಹೇಳುತ್ತಿದ್ದಳು, ಅಜ್ಜಿ ಇಂದ್ರಾಬಾಯಿ ಪಕ್ಕದಲ್ಲಿ ಮಲಗಿ ಕೇಳುತ್ತಿದ್ದಳು. ಮುಂಬಯಿಯ ಆಂಟಾಪ್ ಹಿಲ್‌ನ ಇದೇ ಕೋಣೆಯಲ್ಲಿ ದಾನೇಶ್ವರಿ ಸಣ್ಣವಳಿದ್ದಾಗ ಕತೆ ಹೇಳುತ್ತಿದ್ದವಳು ಅಜ್ಜಿ, ಹೂಂಗುಟ್ಟುತ್ತಿದ್ದವಳು ಮೊಮ್ಮಗಳು. ಅಜ್ಜಿಯ ಕಣ್ಣಿನ ನರ ಒಣಗುತ್ತ ಬಂದ ಮೇಲೆ ಅದು ಅದಲುಬದಲಾಗಿತ್ತು. ಕಾಯಿದೆ ಮಾತ್ರ ಹಳೆಯದೇ. ಹೂಂ ನಿಂತರೆ ಕತೆಯೂ ನಿಲ್ಲಬೇಕು. ಮತ್ತೆ, ಹಗಲು ಕತೆ ಹೇಳಬಾರದು. ಹೇಳಿದರೆ ದಾರಿಯಲ್ಲಿರುವವರು ದಾರಿ ತಪ್ಪುತ್ತಾರೆ.

ಮರುದಿನ ಎದ್ದು ಇಂದ್ರಾಬಾಯಿ ಮೊದಲು ಕೇಳಿದ್ದು ಚಹಾ ಅಲ್ಲ. "ಹುಟ್ಟು ಬಿತ್ತಲ್ಲ, ಆ ಹುಡುಗಿ ಏನ್ ಮಾಡ್ತದ ಈಗ?"

"ಸಂಜೀಗೆ ಹೇಳತೀನಿ ಬೇ."

ಸಂಜೆಗೆ ಹೇಳುವುದಾಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಪಕ್ಕದ ಮನೆಯ ಟಿವಿಯಲ್ಲಿ ಜಾಹೀರಾತು ಬಂತು. ಗೋರೆಗಾಂವ್‌ನ ದೊಡ್ಡ ಮನರಂಜನಾ ಪಾರ್ಕಿನಲ್ಲಿ ತಾರೂಳ ಕತೆಯ ಹೊಸ ರೈಡ್ ಬರುತ್ತದಂತೆ, ನಿಜವಾದ ನೀರು, ಎಲೆಯ ಆಕಾರದ ದೋಣಿ. ಇಂದ್ರಾಬಾಯಿ ಗೋಡೆಗೆ ಕಿವಿಗೊಟ್ಟು ಕೇಳಿದಳು.

"ಒಳಗ ಕತ್ತಲ ಇರತದೇನ?"

"ಇರತದ ಅನಸ್ತದ. ಯಾಕ?"

"ಹಂಗಾರ ಉಳಿದ ಕತಿ ಅಲ್ಲೇ ಹೇಳು. ಆಕಿ ನೀರಾಗ ಕುಂತಾಳ, ನಾವು ಹಾಸಿಗಿ ಮ್ಯಾಲ ಹೊಚಗೊಂಡು ಮಲಗಿ ಆಕೀನ ದಾಟಸೂದು ಚಂದಲ್ಲ."

ದಾನೇಶ್ವರಿ ನಕ್ಕಳು. ಅಜ್ಜಿ ನಗಲಿಲ್ಲ, ಕೈ ಚಾಚಿದಳು. ಆ ಅಂಗೈ ಮೇಲೆ ದಾನೇಶ್ವರಿ ತನ್ನ ಅಂಗೈ ಇಟ್ಟಳು. ಅಲ್ಲಿಗೆ ಮಾತು ಕೊಟ್ಟ ಹಾಗಾಯಿತು.

ರೈಡ್ ಶುರುವಾಗುವುದು ತಡವಾಯಿತು, ಮಳೆಗಾಲ ಕಳೆದು ದಸರಾ ಮುಗಿಯಿತು. ಅಷ್ಟರಲ್ಲಿ ಇಂದ್ರಾಬಾಯಿಗೆ ಮನುಷ್ಯರು ನೆರಳಾದರು, ಆಮೇಲೆ ನೆರಳೂ ಹೋಗಿ ಬಲ್ಬು ಎಲ್ಲಿದೆ ಅನ್ನುವುದಷ್ಟೇ ಉಳಿಯಿತು. ಅದೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಡುವೆ ಒಮ್ಮೆ ದಾನೇಶ್ವರಿಯೇ ಸೋತು, ಮನೆಯ ದೀಪ ಆರಿಸಿ ಇಲ್ಲೇ ಹೇಳಿಬಿಡಲೇ ಅಂದಿದ್ದಳು.

"ಮಾತು ಎಲ್ಲಿಗೆ ಕೊಟ್ಟೀ, ಅಲ್ಲೇ ಹೇಳು," ಅಂದಳು ಇಂದ್ರಾಬಾಯಿ. "ಕತ್ತಲ ಬ್ಯಾರೆ, ಕಣ್ಣು ಹೋಗೂದು ಬ್ಯಾರೆ. ಬೆಳಕು ಗೊತ್ತಿದ್ದಾಗಷ್ಟ ಕತ್ತಲ ಅನ್ನೂದು. ಅದಿರೂದ್ರಾಗ ಕರಕೊಂಡು ಹೋಗು."

ರೈಡ್ ಶುರುವಾದ ವಾರ ಅಪ್ಪ ಸುಭಾಷ ಅಡ್ಡ ಬಂದ. ಅವನು ಬಿಲ್ಡಿಂಗುಗಳಲ್ಲಿ ಟೈಲ್ಸ್ ಹಾಕುವವನು, ರಜೆಯ ದಿನವೂ ಮೊಣಕಾಲು ನೀವಿಕೊಳ್ಳುತ್ತ ಕೂತಿರುತ್ತಾನೆ. "ಕಣ್ಣ ಕಾಣದಾಕಿನ್ನ ಲೋಕಲ್ಲಿನಾಗ ತುರುಕಿಕೊಂಡು ಹೊಂಟೀ? ಎಡವಿ ಬಿದ್ರ ಏನು ಗತಿ?"

"ಬಿದ್ರ ನಾನು ಏಳತೀನಿ," ಅಂದಳು ಇಂದ್ರಾಬಾಯಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ. "ನೀ ಬಿದ್ದಾಗೆಲ್ಲ ಎತ್ತಿದಾಕಿ ನಾನ ಅದೀನಿ."

ವಡಾಳಾ ರೋಡ್ ಸ್ಟೇಷನ್ನಿನಲ್ಲಿ ಗೋರೆಗಾಂವ್ ಲೋಕಲ್ ರೈಲು ಖಾಲಿಯೇ ಸಿಕ್ಕಿತು. ಅಜ್ಜಿಯನ್ನು ಕಿಟಕಿಗೆ ಕೂರಿಸಿ ದಾನೇಶ್ವರಿ ಮೊಬೈಲ್ ತೆಗೆದಳು. ತಾರೂಳ ಅಭಿಮಾನಿಗಳು ಬರೆದದ್ದನ್ನೆಲ್ಲ ಅವಳು ಮೂರು ದಿನದಿಂದ ಓದುತ್ತಿದ್ದಳು. ನೀರು ಚೆನ್ನಾಗಿದೆ, ಹುಟ್ಟು ಬೀಳುವ ಸದ್ದಿಗೆ ಮೈ ಜುಮ್ಮೆನ್ನುತ್ತದೆ ಎಂದು ಕೆಲವರು. ಬಹಳ ಮಂದಿಗೆ ಸಿಟ್ಟು. ಕೊಕ್ಕರೆಯ ಕಣ್ಣು ತೋರಿಸಿ ದೋಣಿ ತಿರುಗಿಬಿಡುತ್ತದೆ, ಕತೆ ಅರ್ಧಕ್ಕೇ ಮುಗಿಸಿದ್ದಾರೆ, ಆಚೆ ದಂಡೆಯೇ ಇಲ್ಲ. ಹೋಗಿ ಅತ್ತು ಬಂದೆ ಎಂದು ಒಬ್ಬಳು ಬರೆದಿದ್ದಳು, ನಮ್ಮ ತಾರೂ ಯಾವತ್ತೂ ನಡುನೀರಿನಲ್ಲೇ ಇರಬೇಕಾ ಎಂದು.

ದಾನೇಶ್ವರಿ ಮೊಬೈಲ್ ಚೀಲಕ್ಕೆ ಹಾಕಿದಳು. ಅವರು ತೋರಿಸದಿದ್ದರೆ ಬೇಡ. ಹೇಳಬೇಕಾದವಳು ತಾನು. ಕೊಕ್ಕರೆಯ ಕಣ್ಣಿಗೂ ಹೊರಗಿನ ಬೆಳಕಿಗೂ ನಡುವೆ ಎಷ್ಟು ಹೊತ್ತು ಸಿಗುತ್ತದೋ, ಅಷ್ಟರಲ್ಲಿ ಹುಡುಗಿಯನ್ನು ದಾಟಿಸಿಬಿಡಬೇಕು.

ಪಾರ್ಕಿನಲ್ಲಿ ಸರದಿ ಹಾವಿನ ಹಾಗೆ ಸುತ್ತಿಕೊಂಡಿತ್ತು. ಕಿವಿಗೆ ನೀಲಿ ಗರಿ ಸಿಕ್ಕಿಸಿಕೊಂಡ ಹುಡುಗಿಯರು, ಎಲೆಯ ಟೊಪ್ಪಿಗೆ ಹಾಕಿಕೊಂಡ ದೊಡ್ಡ ಗಂಡಸರು. ಬಾಗಿಲಲ್ಲಿ ನಿಂತಿದ್ದ ಜ್ಯೋತ್ಸ್ನಾ ಎಂಬ ಕೆಲಸದ ಹುಡುಗಿ ಇಂದ್ರಾಬಾಯಿಯ ಕಣ್ಣು ನೋಡಿ ಕೈ ಅಡ್ಡ ಹಿಡಿದಳು. ಇವರಿಗೆ ಕಾಣುವುದಿಲ್ಲ, ಒಳಗೆ ಹೋಗಿ ಏನು ನೋಡುತ್ತಾರೆ ಎಂದು ಹಿಂದಿಯಲ್ಲಿ ಕೇಳಿದಳು.

"ಮೈ ದೇಖನೇ ನೈ ಆಯೀ ಬೇಟಾ," ಅಂದಳು ಇಂದ್ರಾಬಾಯಿ ತನ್ನ ಹಿಂದಿಯಲ್ಲಿ. "ಸುನನೇ ಆಯೀ." ನೋಡಲಿಕ್ಕಲ್ಲ, ಕೇಳಲಿಕ್ಕೆ ಬಂದವಳು.

ಜ್ಯೋತ್ಸ್ನಾ ನಕ್ಕುಬಿಟ್ಟಳು, ಆದರೆ ಕೈ ತೆಗೆಯಲಿಲ್ಲ. ಕಾಣದವರ ಎರಡೂ ಮಗ್ಗುಲಿಗೆ ದೊಡ್ಡವರು ಒಬ್ಬೊಬ್ಬರು ಕೂರಬೇಕು, ಅದು ಇಲ್ಲಿಯ ನಿಯಮ. ಒಬ್ಬರೇ ಇದ್ದರೆ ಬಿಡುವ ಹಾಗಿಲ್ಲ.

ದಾನೇಶ್ವರಿ ಹಿಂದೆ ತಿರುಗಿ ನೋಡಿದಳು. ಸರದಿಯಲ್ಲಿದ್ದವರೆಲ್ಲ ಜೋಡಿಜೋಡಿಯಾಗಿ, ಗುಂಪುಗುಂಪಾಗಿ ಇದ್ದರು; ಕೇಳಿದ ಇಬ್ಬರು ತಲೆಯಾಡಿಸಿ ತಮ್ಮವರ ಕಡೆ ಕೈ ತೋರಿದರು. ಹಗ್ಗದ ಆಚೆ, ರೈಡ್ ಮುಗಿಸಿ ಬಂದ ಒಬ್ಬ ಹುಡುಗ ಮೊಬೈಲ್ ಎತ್ತಿ ಹಿಡಿದು ಮುಖ ಗಂಟಿಕ್ಕಿಕೊಂಡು ಮಾತಾಡುತ್ತಿದ್ದ. ಅವನ ಬೆನ್ನಿಗೆ ಕೊಡೆಯ ಬಟ್ಟೆಯಲ್ಲಿ ಹೊಲಿದ ಎರಡು ಕೊಕ್ಕರೆಯ ರೆಕ್ಕೆ. ಇದು ಮೋಸ, ಇದರಲ್ಲಿ ಇನ್ನೊಮ್ಮೆ ಕೂತರೆ ನನ್ನ ಹೆಸರು ಮುಜಾಹಿದನೇ ಅಲ್ಲ, ಎಂದು ಹಿಂದಿಯಲ್ಲಿ ಹೇಳಿ ಅವನು ವಿಡಿಯೋ ನಿಲ್ಲಿಸಿದ.

"ಬಾ ಬೇ, ಯಾರರ ಸಿಗತಾರ. ಸಿಗೂತನಾ ಇಲ್ಲೇ ನಿಲ್ಲೋಣು," ಎಂದು ದಾನೇಶ್ವರಿ ಅಜ್ಜಿಯನ್ನು ಪಕ್ಕಕ್ಕೆ ಸರಿಸಿದಳು.

ರೆಕ್ಕೆಯ ಹುಡುಗ ತಿರುಗಿದ. "ನೀವು ವಿಜಾಪುರದ ಕಡೆಯವರೇನ್ರಿ? ನಮ್ಮ ದಾದಿ, ನಮ್ಮಪ್ಪನ ತಾಯಿ, ಹಿಂಗ ಮಾತಾಡತಾಳ."

"ಹೌದಪ್ಪ. ನೀ ಯಾರ ಪೈಕಿ?" ಅಂದಳು ಇಂದ್ರಾಬಾಯಿ.

"ವಿಲೆ ಪಾರ್ಲೆದಾಗ ನಮ್ಮ ಟೇಲರಿಂಗ್ ಅಂಗಡಿ ಅದ ಆಯಿ. ಮುಜಾಹಿದ ಅಂತ."

"ಮುಜಾಹಿದ ಭಾಯಿ," ದಾನೇಶ್ವರಿ ನೇರವಾಗಿ ಕೇಳಿದಳು, "ನಮ್ಮ ಆಯಿ ಮಗ್ಗಲಿಗೆ ಇನ್ನೊಬ್ಬರು ಬೇಕಂತ. ನೀವು ಕೂಡತೀರೇನು?"

"ಮತ್ತ ಕೂಡಂಗಿಲ್ಲ ಅಂತ ಈಗರ ಹೇಳೀನಲ್ರಿ. ಎಲ್ಲಾರೂ ನೋಡತಾರ ಅದನ್ನ."

"ವಿಡಿಯೋ ಇನ್ನೂ ಹಾಕಿಲ್ಲಲ್ಲ."

ಮುಜಾಹಿದ ಮೊಬೈಲ್ ನೋಡಿದ, ಅಜ್ಜಿಯ ಮುಖ ನೋಡಿದ. "ಒಳಗ ಏನೂ ಇಲ್ಲ ಆಯಿ, ಸುಳ್ಳ ಬ್ಯಾಸರ ಆಗತದ. ಅರ್ಧಾ ಕತಿ ಅಷ್ಟ ಐತಿ."

"ಉಳಿದರ್ಧ ಈಕಿ ಕಡೆ ಅದ," ಅಂದಳು ಇಂದ್ರಾಬಾಯಿ.

ಅವನು ರೆಕ್ಕೆ ಮಡಚಿಕೊಂಡು ಹಗ್ಗದ ಕೆಳಗೆ ನುಸುಳಿದ.

ದೋಣಿಯ ಎಡಗಡೆಯ ಕಟ್ಟೆಯಿಂದ ಹತ್ತಬೇಕು. ಮುಜಾಹಿದ ಮೊದಲು ಕಾಲಿಟ್ಟು ಆ ತುದಿಗೆ ಸರಿದ. ಇಂದ್ರಾಬಾಯಿ ಚಪ್ಪಲಿಯಿಂದ ದೋಣಿಯ ಅಂಚು ತಡವಿ ನೋಡಿ, ನಡುವೆ ಕೂತಳು. ದಾನೇಶ್ವರಿ ಕೊನೆಗೆ. ಕಬ್ಬಿಣದ ಸರಳು ತೊಡೆಯ ಮೇಲೆ ಬಂತು, ದೋಣಿ ಅಲುಗಿತು.

ಒಳಗೆ ತಂಪು, ನೀರಿನ ವಾಸನೆ. ಬೆಟ್ಟಗಳು ಹಿಂದಕ್ಕೆ ಹೋದವು, ತಾಯಿಯ ಹಾಡಿನ ಧಾಟಿ ಎಲ್ಲಿಂದಲೋ ಬಂದು ತಟ್ಟನೆ ನಿಂತಿತು. ಹಿಂದಿನ ಸಾಲಿನವರು ಹೋ ಎಂದರು. ಆಮೇಲೆ ಪೂರ್ತಿ ಕತ್ತಲು. ಇಂದ್ರಾಬಾಯಿ ಮುಖ ಆ ಕಡೆ ಈ ಕಡೆ ತಿರುಗಿಸಿದಳು.

"ಹೌದು," ಅಂದಳು. "ಇದು ಕತ್ತಲ."

ಬಲಗಡೆ ಹುಟ್ಟು ನೀರಿಗೆ ಬಿದ್ದ ಸದ್ದಾಯಿತು. ಅಜ್ಜಿಯ ಬೆರಳು ಮೊಮ್ಮಗಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ದಾನೇಶ್ವರಿ ಕಿವಿಯ ಹತ್ತಿರ ಬಾಗಿದಳು.

"ಹುಟ್ಟು ಬಿತ್ತು. ತಾರೂ ಹೆದರಲಿಲ್ಲ. ಎರಡೂ ಕೈ ನೀರಾಗ ಇಟ್ಟಳು, ಕೈಯಿಂದನ ದೋಣಿ ನಡಸಿದಳು."

"ಹೂಂ."

ಮುಂದೆ ಎರಡು ನೀಲಿ ಕಣ್ಣು ತೆರೆದವು. ಜನ ಕಿರುಚಿದರು. ದಾನೇಶ್ವರಿ ದನಿ ಏರಿಸಿದಳು. "ಕೊಕ್ಕರಿ ದಂಡಿ ಮ್ಯಾಲ ಕುಂತಿತ್ತು. ಬಾಯಿ ಬಿಗಿ ಹಿಡದಿತ್ತು, ತೆರದ್ರ ದನಿ ಹಾರಿ ಹೋಗತದಲ್ಲ. ತಾರೂ ಜಗಳಾಡಲಿಲ್ಲ. ಅದರ ಎದುರಿಗೆ ಕುಂತು ತಾಯಿ ಹೇಳತಿದ್ದ ಕತಿ ಎಲ್ಲಾ ಹೇಳಾಕ ಹತ್ತಿದಳು."

"ಹೂಂ."

ದೋಣಿ ತಿರುಗಿತು. ದೂರದಲ್ಲಿ ಹೊರಬಾಗಿಲ ಬೆಳಕು ಒಂದು ಗೆರೆಯಾಗಿ ಕಂಡಿತು. ಹಿಂದೆ ಯಾರೋ ಬೇಸರದಿಂದ ಲೊಚಗುಟ್ಟಿದರು. ದಾನೇಶ್ವರಿ ಬೆಳಕಿನ ಕಡೆ ನೋಡಲಿಲ್ಲ.

"ಕೊಕ್ಕರಿ ಕೇಳಿತು, ಕೇಳಿತು. ಕಡೀಗೆ ತಡಕೊಳ್ಳಾಕ ಆಗಲಿಲ್ಲ. ಅದೂ ಹೂಂ ಅಂತು."

"ಸಿನಿಮಾದಾಗ ಹಂಗಿಲ್ರಿ," ಮುಜಾಹಿದ ಆ ಮಗ್ಗುಲಿನಿಂದ ಬಗ್ಗಿದ. "ಅಲ್ಲಿ ಅದು ನಗತದ. ನಕ್ಕಾಗ ಬಾಯಿ ತೆರೀತದ."

"ಯಪ್ಪಾ, ನೀ ರೆಕ್ಕಿ ಹೊಲಿ," ಅಂದಳು ಇಂದ್ರಾಬಾಯಿ. "ಕತಿ ಆಕಿ ಹೇಳಲಿ. ಹೂಂ ಅನ್ನು."

ಮುಜಾಹಿದ ಹಿಂದಕ್ಕೆ ಸರಿದು ಕೂತ.

"ಹೂಂ," ಅಂದ ಮುಜಾಹಿದ.

"ಬಾಯಿ ತೆರೀತು, ದನಿ ಹಾರಿತು. ಹೊಳಿ ಮ್ಯಾಲಿಂದ ತಾಯಿ ಕೊರಳಾಗ ಹೋಗಿ ಕುಂತಿತು."

"ಹೂಂ. ಹುಡುಗಿ?" ಅಂದಳು ಇಂದ್ರಾಬಾಯಿ.

ಬೆಳಕು ಅಗಲವಾಗಿ ಮೂವರ ಮೇಲೂ ಬಿತ್ತು. ಇಂದ್ರಾಬಾಯಿ ಕಣ್ಣು ಕಿರಿದು ಮಾಡಿದಳು. ದೋಣಿ ಕಟ್ಟೆಗೆ ತಾಗಿ ನಿಂತಿತು, ಸರಳು ಮೇಲೆದ್ದಿತು. ಹಿಂದಿನ ಸಾಲಿನವಳು ಗೆಳತಿಗೆ ಹೇಳುತ್ತಿದ್ದಳು, ನೋಡು, ಹತ್ತಿದಲ್ಲಿಗೇ ತಂದು ಬಿಟ್ಟರು.

"ಹುಡುಗಿ ದಂಡಿಗೆ ಇಳದಳು," ಅಂದಳು ದಾನೇಶ್ವರಿ.

ಅಜ್ಜಿ ಹೂಂ ಅನ್ನಲಿಲ್ಲ. ಎದ್ದು, ಹತ್ತಿ ಬಂದ ಎಡಗಡೆಗೆ ತಿರುಗಿ ಕೈ ಚಾಚಿದಳು. ಆ ಕಡೆ ಕಟ್ಟೆಯ ಮೇಲೆ ಮುಂದಿನ ಸರದಿಯವರು ನಿಂತಿದ್ದರು. ಮುಜಾಹಿದ ಆಗಲೇ ಬಲಗಡೆಯ ಕಟ್ಟೆಗೆ ಇಳಿದು ಅವಳ ಇನ್ನೊಂದು ಕೈ ಹಿಡಿದಿದ್ದ.

"ಇತ್ತ ಬಾ ಆಯಿ. ಇಳಿಯೂದು ಈ ಕಡೆ."

"ಬಂದ ಕಡೆ ಅಲ್ಲೇನು?"

"ಅಲ್ಲ. ಅದು ಹತ್ತೂ ಕಟ್ಟಿ. ಇದು..." ಮುಜಾಹಿದ ಮಾತು ನಿಲ್ಲಿಸಿ ಆ ಕಟ್ಟೆ ನೋಡಿದ, ತಾನು ನಿಂತ ಕಟ್ಟೆ ನೋಡಿದ. ನಡುವೆ ದೋಣಿ ಮೆಲ್ಲಗೆ ಅಲುಗಾಡುತ್ತಿತ್ತು. "ಇದು ಆಚೀದು."

ಇಂದ್ರಾಬಾಯಿ ಒಂದು ಪಾದ ಮುಂದಿಟ್ಟಳು. ಚಪ್ಪಲಿಯ ತುದಿಯಿಂದ ಕಲ್ಲು ತಡವಿದಳು, ಒತ್ತಿ ನೋಡಿದಳು. ಆಮೇಲೆ ಇನ್ನೊಂದು ಪಾದವನ್ನೂ ದೋಣಿಯಿಂದ ಎತ್ತಿ ಇಟ್ಟು, ನೆಟ್ಟಗೆ ನಿಂತಳು.

"ಹೂಂ," ಅಂದಳು.