ತಟ್ಟೆ ಆರುವವರೆಗೆ

ಹೊಗೆ ಇನ್ನೂ ನಿಂತಿಲ್ಲ, ಡೇರಿ ಲ್ಯಾಬಿನ ಹಾಟ್‌ಪ್ಲೇಟಿನ ಮೇಲಿನ ಮೂಸೆಯಲ್ಲಿ ಹಾಲಿನ ಪುಡಿ ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಈಗ ಡಾಂಬರಿನ ಹಾಗೆ ಕಪ್ಪಗೆ ಉಬ್ಬಿಕೊಂಡು ಹೊಗೆ ಬಿಡ್ತಾ ಇದೆ, ಬಿಡಲಿ, ಹೊಗೆ ಪೂರ್ತಿ ನಿಂತ ಮೇಲೇ ಅದನ್ನು ಕುಲುಮೆಗೆ ಇಡೋದು, ಐನೂರೈವತ್ತು ಡಿಗ್ರಿ, ಕಪ್ಪು ಚುಕ್ಕೆ ಒಂದೂ ಉಳಿಯದೆ ಬೆಳ್ಳಗೆ ಬೂದಿ ಆಗುವವರೆಗೆ — ಬೂದಿ ಎಷ್ಟು ಅಂತ ಯಾರೂ ಕೇಳಿಲ್ಲ, ಆದರೂ ಇವಳು ಇಟ್ಟಿದ್ದಾಳೆ, ಇದನ್ನು ಮಾಡಿಲ್ಲ ಅದನ್ನು ಮಾಡಿಲ್ಲ ಅಂತ ನಾಳೆ ಒಬ್ಬರೂ ಬಾಯಿ ಬಿಡಬಾರದು. ಸುಟ್ಟ ಹಾಲಿನ ವಾಸನೆ ಕೂದಲಿಗೆ ಹತ್ತುತ್ತೆ, ಹತ್ತಲಿ, ಅತ್ತಿಗೆ ಮೊನ್ನೆ ಫೋನಿನಲ್ಲಿ ಹೇಳಿದ್ದೂ ಇದನ್ನೇ ತಾನೆ, ಚೆನ್ನಾಗಿರೋದನ್ನೆಲ್ಲ ಸುಟ್ಟು ಬೂದಿ ಮಾಡೋದೇ ನಿನ್ನ ಕೆಲಸ, ಈಗ ನಮ್ಮನೆಗೂ ಕೈ ಹಾಕಿದೆಯಲ್ಲಮ್ಮ ಅಂತ. ನಮ್ಮನೆಗೂ ಅಂತೆ. ಇವಳೇನು ಕೊಳ್ಳಿ ಹಿಡಕೊಂಡು ಅವರ ಮನೆಗೆ ಹೋಗಿದ್ದಳಾ, ಹೋದದ್ದು ಬರೀ ಒಂದು ಅಂಕಿ, ಐದು ಪಾಯಿಂಟ್ ಎರಡು, ಪುಡಿಯಲ್ಲಿ ನೀರು ನೂರಕ್ಕೆ ಐದು ಮೀರಬಾರದು ಅಂತ ನಿಯಮ, ಮೀರಿತ್ತು, ಬರೆದಳು, ಸಹಿ ಹಾಕಿದಳು, ಅಷ್ಟೂ ಮೂಟೆ ತಿರಸ್ಕಾರ. ಹಾಲನ್ನು ಪುಡಿ ಮಾಡೋ ಡ್ರೈಯರ್ ನಡೆಸೋದು ಅಣ್ಣ, ಆ ಪಾಳಿ ಅಣ್ಣಂದು, ಅದಕ್ಕೆ ಇವಳೇನು ಮಾಡೋಕಾಗುತ್ತೆ. ಒಂಬತ್ತು ದಿನದಿಂದ ಅವನನ್ನು ಕೆಲಸಕ್ಕೆ ಸೇರಿಸ್ತಾ ಇಲ್ಲ, ಇವತ್ತು ಹನ್ನೆರಡು ಗಂಟೆಗೆ ಮೇಲಿನವರು ಕೂತು ತೀರ್ಮಾನ ಮಾಡ್ತಾರೆ, ಇಟ್ಟುಕೊಳ್ಳೋದಾ ಮನೆಗೆ ಕಳಿಸೋದಾ ಅಂತ, ಹದಿನೆಂಟು ವರ್ಷದ ಕೆಲಸ. ಡ್ರೈಯರ್ ಸರಿಯಾಗೇ ಇತ್ತು, ಶಾಖ ಸರಿಯಾಗೇ ಇಟ್ಟಿದ್ದೆ, ತೆಗೆದಿಟ್ಟ ಸ್ಯಾಂಪಲ್ಲನ್ನು ಇನ್ನೊಂದು ಸಲ ನೋಡಿಸಿ ಅಂತ ಅವನು ಅರ್ಜಿ ಕೊಟ್ಟ. ಬೇರೆ ಯಾರನ್ನಾದರೂ ಕೂರಿಸ್ತೀನಿ, ನಿಮಗೆ ಮುಜುಗರ ಬೇಡ ಅಂದರು ಲ್ಯಾಬಿನ ಮುಖ್ಯಸ್ಥರು. ಯಾಕೆ, ಬೇರೆಯವರು ಯಾಕೆ, ನನ್ನ ಕೈಗೇನು ಲಕ್ವ ಹೊಡೆದಿದೆಯಾ, ನಾನೇ ಮಾಡ್ತೀನಿ ಅಂತ ಹಟ ಹಿಡಿದವಳು ಇವಳೇ, ಒಂದೇ ಏಟಿಗೆ ಎಲ್ಲರ ಬಾಯಿ ಮುಚ್ಚಿಸಬೇಕು ಅಂತ.

ಹತ್ತು ಐವತ್ತು. ಇನ್ನು ಮೂವತ್ತು ನಿಮಿಷ. ಮೇಜಿನ ಮೇಲೆ ಡೆಸಿಕೇಟರ್, ದಪ್ಪ ಗಾಜಿನ ಗುಡಾಣ, ತಳದಲ್ಲಿ ತೇವ ಹೀರೋ ನೀಲಿ ಹರಳು, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಎರಡು ಪುಟ್ಟ ಅಲ್ಯೂಮಿನಿಯಂ ತಟ್ಟೆ, ಎರಡರಲ್ಲೂ ಆ ಸ್ಯಾಂಪಲ್ಲಿನ ಪುಡಿ, ಓವನ್ನಿನಿಂದ ಹತ್ತು ನಿಮಿಷದ ಹಿಂದೆ ತೆಗೆದು ಒಳಗಿಟ್ಟಿದ್ದಾಳೆ, ಅವುಗಳ ಬಿಸಿ ಆರಬೇಕು, ನಲವತ್ತು ನಿಮಿಷ, ಆಮೇಲೇ ತಕ್ಕಡಿ. ಈ ನಲವತ್ತು ನಿಮಿಷ ಅಂದರೆ ಅವಳಿಗೆ ಯಾವಾಗಲೂ ಇಷ್ಟ, ಯಾರೂ ಏನೂ ಮಾಡಿಸೋಕಾಗಲ್ಲ, ಇವತ್ತು ಮಾತ್ರ ಮುಳ್ಳಿನ ಮೇಲೆ ಕೂತ ಹಾಗಿದೆ, ಯಾಕಂದರೆ ಬೆಳಗ್ಗೆ ಮೊದಲ ಸಲ ತೂಗಿದಾಗ ಬಂದದ್ದು ನಾಲ್ಕು ಪಾಯಿಂಟ್ ಎಂಟು ನಾಲ್ಕು. ಎರಡು ತಟ್ಟೆಯಲ್ಲೂ. ನಾಲ್ಕು ಪಾಯಿಂಟ್ ಎಂಟು ನಾಲ್ಕು ಅಂದರೆ ಪಾಸು, ಮೂಟೆಗಳೂ ಪಾಸು, ಅಣ್ಣನೂ ಪಾಸು, ಫೇಲಾದವಳು ಯಾರು ಹಾಗಾದರೆ — ಇಲ್ಲ, ಪೂರ್ತಿ ಒಣಗಿಲ್ಲ ಅಷ್ಟೇ, ಎರಡು ಗಂಟೆ ಓವನ್ ಸಾಲಲಿಲ್ಲ, ಅದಕ್ಕೇ ತಾನೆ ಮತ್ತೆ ಒಂದು ಗಂಟೆ ಇಡೋದು, ಮತ್ತೆ ಆರಿಸಿ ಮತ್ತೆ ತೂಗೋದು, ತೂಕ ಇಳಿಯೋದು ನಿಲ್ಲೋವರೆಗೂ ಬಿಡಬಾರದು ಅಂತ ಪುಸ್ತಕದಲ್ಲೇ ಇದೆ, ಉಳಿದ ನೀರು ಈ ಗಂಟೆಯಲ್ಲಿ ಹೋಗಿರುತ್ತೆ. ಅವತ್ತಿನ ಅಂಕಿಗೂ ಇವತ್ತಿನದಕ್ಕೂ ನಡುವೆ ಇರೋದು ಏಳು ಮಿಲಿಗ್ರಾಂ ನೀರು. ಒಂದು ಹನಿಯೂ ಅಲ್ಲ, ಹನಿಯ ಏಳನೇ ಒಂದು ಪಾಲು. ಅಮ್ಮ ಕೇಳಿದಳಲ್ಲ, ಇರೋದು ಇಬ್ಬರು ಮಕ್ಕಳು, ಒಂದು ಹನಿ ನೀರಿಗೆ ಹೀಗೆ ಕಚ್ಚಾಡ್ತೀರಲ್ಲೇ ಅಂತ, ಹನಿಯೂ ಅಲ್ಲಮ್ಮ ಅಂತ ಹೇಳಬೇಕಿತ್ತು. ಸ್ಯಾಂಪಲ್ ತೆಗೆದಿಟ್ಟ ಬಾಟಲು ತೇವ ಹೀರಿರಬಹುದಾ, ಹೀರಿದ್ದರೆ ಅಂಕಿ ಜಾಸ್ತಿ ಬರಬೇಕು, ಕಡಿಮೆ ಹೇಗೆ ಬರುತ್ತೆ, ಮುಚ್ಚಿಟ್ಟ ಬಾಟಲಿಂದ ನೀರು ನಡಕೊಂಡು ಹೋಗುತ್ತಾ. ಓವನ್ ಶಾಖ ನೂರ ಎರಡು, ಥರ್ಮಾಮೀಟರ್ ನೂರ ಎರಡೇ ತೋರಿಸ್ತಾ ಇದೆ, ಕೆಟ್ಟದ್ದು ಯಾವುದೂ ಇಲ್ಲ, ಎಲ್ಲಾ ನೆಟ್ಟಗಿದೆ, ಅದೇ ಅವಳ ಹೊಟ್ಟೆ ಉರಿಸ್ತಾ ಇರೋದು.

ಗಾಜಿನ ಬಾಗಿಲಾಚೆ ಕಾರಿಡಾರಿನ ಬೆಂಚಿನ ಮೇಲೆ ಅಣ್ಣ ಕೂತಿದ್ದಾನೆ, ಒಗೆದು ಇಸ್ತ್ರಿ ಮಾಡಿದ ಅಂಗಿ, ಒಂಬತ್ತು ದಿನದಲ್ಲಿ ಸ್ವಲ್ಪ ಇಳಿದಿದ್ದಾನೆ, ಇಳೀಲಿ. ಬಡಪಾಯಿ ಮುಖ ಮಾಡೋದು ಅವನಿಗೆ ಹುಟ್ಟಿದಾರಭ್ಯ ಬಂದ ವಿದ್ಯೆ. ಅಪ್ಪನ ಕನ್ನಡಕದ ಮೇಲೆ ಕೂತು ಮುರಿದವನು ಅವನು, ಮುರಿದದ್ದನ್ನು ತಂದು ಇವಳ ಮಣೆಯ ಕೆಳಗೆ ಇಟ್ಟವನು ಅವನು, ಇವಳಿಗೆ ಏಳು ವರ್ಷ, ಅವನಿಗೆ ಹತ್ತು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಅಪ್ಪ ಎಡಗೈಯಲ್ಲಿ ಇವಳ ಜಡೆ ಹಿಡಿದು ಬಲಗೈಯಲ್ಲಿ ಹೊಡೀತಿದ್ದರೆ ಇದೇ ಮುಖ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದ, ಪಾಪ ಬಿಡಪ್ಪ ಸಾಕು ಅಂತ ಬೇರೆ ಹೇಳಿದ, ಅಮ್ಮ ಅವತ್ತಿಡೀ ಅವನ ಒಳ್ಳೇತನ ಹೊಗಳಿದಳು. ಇವಳ ಮದುವೆಯ ದಿನ ಊಟದ ಸಾಲಿನಲ್ಲಿ ಆ ಕಥೆ ತಾನೇ ಹೇಳಿ ನಕ್ಕ, ಮುರಿದದ್ದು ನಾನು, ಏಟು ತಿಂದದ್ದು ಇವಳು ಅಂತ, ಎಲ್ಲರೂ ನಕ್ಕರು, ಗಂಡನೂ ನಕ್ಕ. ತಪ್ಪಾಯ್ತು ಅನ್ನೋ ಎರಡು ಮಾತು ಇವತ್ತಿಗೂ ಬಂದಿಲ್ಲ ಆ ಬಾಯಿಂದ. ಅದಕ್ಕೇ ಆ ಐದು ಪಾಯಿಂಟ್ ಎರಡು ಬಂದಾಗ — ಒಪ್ಪಿಕೊಳ್ಳಲಿ, ಕೇಳೋರು ಯಾರೂ ಇಲ್ಲವಲ್ಲ — ಎದೆಯೊಳಗೆ ಒಂದು ತಂಪು ಆಗಿತ್ತು, ಈ ಸಲ ಕಾಗದ ಹೇಳ್ತಿದೆ, ನಾನಲ್ಲ, ಕಾಗದದ ಮುಂದೆ ಆ ಮುಖ ಮಾಡು ನೋಡೋಣ. ಅವನು ಓಡಿಬಂದಿದ್ದ, ಎರಡೆರಡು ಮೆಟ್ಟಿಲು ಹಾರಿಕೊಂಡು, ಅಂಗಿಗೆಲ್ಲ ಬಿಳಿ ಪುಡಿ, ಏನೋ ಎಡವಟ್ಟಾಗಿದೆ ಕಣೇ, ಇನ್ನೊಂದು ಸಲ ಇಡು ಅಂದ. ಎರಡು ತಟ್ಟೆಯೂ ಒಂದೇ ಮಾತು ಹೇಳ್ತಿವೆ ಅಂತ ಇವಳು ಮುಖ ಎತ್ತದೆ ಹೇಳಿದಳು. ಆಮೇಲೆ ಅವನು ಒಂದೊಂದೇ ಮೆಟ್ಟಿಲು ನಿಧಾನಕ್ಕೆ ಇಳಿದುಹೋದ.

ಒಂದೇ ಮಾತಾ. ಅವತ್ತು ಐದು ಪಾಯಿಂಟ್ ಎರಡು ಮೂರು ಒಂದರಲ್ಲಿ, ಐದು ಪಾಯಿಂಟ್ ಒಂದು ಆರು ಇನ್ನೊಂದರಲ್ಲಿ, ಸರಾಸರಿ ಐದು ಪಾಯಿಂಟ್ ಎರಡು, ಇಷ್ಟು ಹೆಚ್ಚುಕಡಿಮೆ ನಡೆಯುತ್ತೆ. ಮೊದಲು ತೂಗಿದ ತಟ್ಟೆಯಲ್ಲಿ ಜಾಸ್ತಿ, ಆಮೇಲೆ ತೂಗಿದ್ದರಲ್ಲಿ ಕಡಿಮೆ, ಅದು ಹಾಗೇ, ಅದಕ್ಕೇನರ್ಥ — ಹೊಗೆ ನಿಂತಿತು, ಇಕ್ಕಳದಲ್ಲಿ ಮೂಸೆ ಎತ್ತಿ ಕುಲುಮೆಯ ಬಾಗಿಲು ತೆಗೆದರೆ ಕೆಂಪು ಬೆಳಕು ಮುಖಕ್ಕೇ ಹೊಡೆಯಿತು, ಇಟ್ಟು ಬಾಗಿಲು ಹಾಕಿದಳು, ಹನ್ನೊಂದು ಐದು. ಆ ಐದು ಪಾಯಿಂಟ್ ಎರಡು ಬಂದ ದಿನ ಮಾತ್ರ ಬೆಳಗ್ಗೆಯೇ ಮೈಯೆಲ್ಲ ಉರಿ. ಕ್ಯಾಂಟೀನಿನಲ್ಲಿ ಅವನ ಸುತ್ತ ಹತ್ತು ಜನ, ನಮ್ಮ ತಂಗಿ ಕೆಲಸ ಏನು ಗೊತ್ತಾ, ಇಲ್ಲದ್ದನ್ನು ತೂಗೋದು, ಮೊದಲು ತೂಗ್ತಾಳೆ, ಒಣಗಿಸ್ತಾಳೆ, ಆಮೇಲೆ ಏನು ಮಾಯ ಆಯ್ತೋ ಅದಕ್ಕೆ ಸಂಬಳ ತಗೋತಾಳೆ, ಅಲ್ಲಿಗೆ ನಿಲ್ಲಿಸಿದ್ದರೆ ಇವಳೂ ನಗುತ್ತಿದ್ದಳು, ನಿಲ್ಲಿಸೋ ಜಾತಿ ಅಲ್ಲ ಅದು, ಗಂಡನನ್ನೂ ಹಾಗೇ ಒಣಗಿಸಿ ಒಣಗಿಸಿ ಇಟ್ಟಳು, ಅವನೂ ಆವಿಯಾಗಿ ಹೋದ ಅಂದ. ಡ್ರೈಯರಿನವರು, ಪ್ಯಾಕಿಂಗಿನವರು, ಲಾರಿಯವರು, ಎಲ್ಲರೂ ಟೀ ಉಗುಳೋ ಹಾಗೆ ನಕ್ಕರು. ಇವಳು ಲೋಟ ಅಲ್ಲೇ ಕುಕ್ಕಿ ಮೇಲೆ ಬಂದಳು, ಓವನ್ನಿನಲ್ಲಿ ಅವನದೇ ಪಾಳಿಯ ಪುಡಿ, ತೆಗೆದು ಡೆಸಿಕೇಟರಿಗೆ ಹಾಕಿದಳು, ಕೂತಳು, ಕೂರಲಾಗಲಿಲ್ಲ, ಎದ್ದಳು, ಆ ನಗು ಕಿವಿಯಲ್ಲೇ ಇತ್ತು, ಮುಚ್ಚಳ ಜಾರಿಸಿ ತಟ್ಟೆ ತೆಗೆದಳು — ನಲವತ್ತು ನಿಮಿಷ ಆಗಿರಲಿಲ್ಲ, ಇಪ್ಪತ್ತಾದರೂ ಆಗಿತ್ತು, ಇಪ್ಪತ್ತು ಆಗಿತ್ತಾ, ಹತ್ತಾಗಿತ್ತು, ಹತ್ತೂ ಆಗಿರಲಿಲ್ಲವೇನೋ — ತಕ್ಕಡಿಯ ಮೇಲೆ ಇಟ್ಟಾಗ ಕೊನೆಯ ಅಂಕಿ ನಿಲ್ಲಲಿಲ್ಲ, ಮೂರು, ನಾಲ್ಕು, ಆರು, ಮೇಲಕ್ಕೆ ತೆವಳುತ್ತಾ ಇತ್ತು. ಕಂಡಿತ್ತು ಅವಳಿಗೆ. ಕೆಲಸಕ್ಕೆ ಸೇರಿದ ಪ್ರತಿ ಹುಡುಗಿಗೂ ಮೊದಲ ದಿನ ಅವಳು ಹೇಳಿಕೊಡೋ ಪಾಠ ಅದೇ, ಬಿಸಿ ತಟ್ಟೆ ಸುಳ್ಳು ಹೇಳುತ್ತೆ ಕಣ್ರೇ, ಅದರ ಸುತ್ತ ಗಾಳಿ ಕಾದು ಮೇಲೇಳುತ್ತೆ, ತಟ್ಟೆಯನ್ನು ಎತ್ತಿ ಹಿಡಿಯುತ್ತೆ, ತೂಕ ಕಡಿಮೆ ತೋರಿಸುತ್ತೆ, ಹೋಗದೇ ಇರೋ ನೀರು ಹೋದ ಹಾಗೆ ಕಾಣುತ್ತೆ, ಅಂಕಿ ಏರ್ತಾ ಇದ್ದರೆ ಮುಟ್ಟಬೇಡಿ, ವಾಪಸ್ ಇಟ್ಟು ಕಾಯಿರಿ. ಇಪ್ಪತ್ತೆರಡು ವರ್ಷದಿಂದ ಹೇಳಿಕೊಡ್ತಾ ಇದ್ದಾಳೆ. ಯಾರು ಅವಳನ್ನು ಹಾಗೆ ನಗೆಪಾಟಲು ಮಾಡಿದರು ಕ್ಯಾಂಟೀನಿನಲ್ಲಿ, ಯಾರ ತಪ್ಪು, ಅವನು ಬಾಯಿ ಮುಚ್ಚಿಕೊಂಡು ಟೀ ಕುಡಿದಿದ್ದರೆ ಇವಳು ಕಾಯುತ್ತಿದ್ದಳು, ಕಾದೇ ಕಾಯುತ್ತಿದ್ದಳು, ಅವನದೇ ತಪ್ಪು ಇದೂ — ಈ ಮಾತು ಅವಳಿಗೇ ನಾಚಿಕೆ ತರಿಸಿತು, ಆದರೂ ಸಿಟ್ಟು ಇಳಿಯಲಿಲ್ಲ.

ಹನ್ನೊಂದು ಇಪ್ಪತ್ತು. ಒಂದು ನಿಮಿಷ ಹೆಚ್ಚೇ ಇರಲಿ ಅಂತ ಕಾದಳು. ಮುಚ್ಚಳ ಜಾರಿಸಿ ಇಕ್ಕಳದಲ್ಲಿ ಮೊದಲ ತಟ್ಟೆ ಹಿಡಿದು ತಕ್ಕಡಿಯ ಮೇಲಿಟ್ಟು ಗಾಜಿನ ಬಾಗಿಲು ಎಳೆದಳು, ಇಳಿ, ಇನ್ನೂ ಏಳು ಮಿಲಿಗ್ರಾಂ ಇಳಿ, ಒಂದು ಸಲ ನನ್ನ ಮಾತು ನಡೆಸು ಅಂತ ಹಲ್ಲು ಕಚ್ಚಿಕೊಂಡು ನೋಡಿದಳು, ಅಂಕಿ ಬಂತು, ನಿಂತಿತು. ಬೆಳಗ್ಗೆಯ ತೂಕಕ್ಕೂ ಇದಕ್ಕೂ ಒಂದು ಮಿಲಿಗ್ರಾಮಿನ ಕಾಲು ಭಾಗವೂ ವ್ಯತ್ಯಾಸ ಇಲ್ಲ. ಎರಡನೇದೂ ಹಾಗೇ. ನಾಲ್ಕು ಪಾಯಿಂಟ್ ಎಂಟು ಐದು, ಮುಗೀತು, ಇನ್ನು ಹೋಗೋ ನೀರು ಇಲ್ಲ. ಡ್ರೈಯರ್ ಸರಿಯಾಗೇ ಇತ್ತು. ಬೆನ್ನ ಹಿಂದೆ ಮುಖ್ಯಸ್ಥರು ಬಂದು ನಿಂತಿದ್ದರು, ಲ್ಯಾಬಿನ ಹುಡುಗಿಯರ ಬಾಯಲ್ಲಿ ರೌಂಡಪ್ಪ, ಯಾವ ಅಂಕಿ ಕೊಟ್ಟರೂ ರೌಂಡ್ ಮಾಡಿಬಿಡಿ ಅನ್ನೋ ಮನುಷ್ಯ, ಹಾವು ಸಾಯಬಾರದು, ಕೋಲು ಮುರಿಯಬಾರದು. ಭುಜದ ಮೇಲಿಂದ ಬಗ್ಗಿ ನೋಡಿದರು, ಓಹೋ ಅಂದರು, ದನಿ ತಗ್ಗಿಸಿದರು. ಹಳೇ ಬಾಟಲು, ಸೀಲ್ ಸಡಿಲ ಇತ್ತು, ಪರೀಕ್ಷೆಗೆ ಯೋಗ್ಯ ಅಲ್ಲ ಅಂತ ಬರೆದುಬಿಡಿ, ಆಗ ಮೊದಲನೇದೇ ನಿಲ್ಲುತ್ತೆ, ನಿಮ್ಮ ಕೈಗೂ ಮಸಿ ಹತ್ತಲ್ಲ, ಇಷ್ಟು ವರ್ಷದ ಹೆಸರು ನಿಮ್ಮದು. ಸೀಲ್ ಸಡಿಲ. ಆ ಸೀಲನ್ನು ಚಾಕುವಿನಿಂದ ಕತ್ತರಿಸುವಾಗ ಇವಳ ಹೆಬ್ಬೆರಳು ಕೆಂಪಾಗಿತ್ತು, ಅಷ್ಟು ಗಟ್ಟಿ. ಬರೆಯಬಹುದು, ಯಾರೂ ಕೇಳಲ್ಲ, ಅಣ್ಣ ಮನೆಗೆ ಹೋಗ್ತಾನೆ, ಅತ್ತಿಗೆ ಜನ್ಮಪೂರ್ತಿ ಶಾಪ ಹಾಕ್ತಾಳೆ, ಈಗಲೂ ಹಾಕ್ತಾಳೆ, ಹೊಸದೇನಲ್ಲ. ಅವಳು ತಿರುಗಿ ರೌಂಡಪ್ಪನ ಮುಖ ನೋಡಿದಳು, ಎಷ್ಟು ಹಗುರವಾಗಿ ಹೇಳಿಬಿಟ್ಟ, ಮನುಷ್ಯನ ಅನ್ನ ಇದು, ದಶಮಾಂಶ ಅಲ್ಲ, ಅವನ ಮೇಲೂ ಸಿಟ್ಟು ಬಂತು, ಅವನ ತಣ್ಣನೆ ಮಾತು ತನಗೆ ಒಂದು ಕ್ಷಣ ಹಿತವಾಯಿತಲ್ಲ ಅಂತ ತನ್ನ ಮೇಲೆ ಇನ್ನೂ ಹೆಚ್ಚು. ಸೀಲ್ ಗಟ್ಟಿಯಾಗೇ ಇತ್ತು ಸಾರ್, ಅಂದಳು. ಅಷ್ಟೇ ಅಂದದ್ದು, ಆದರೆ ಆ ದನಿಗೆ ಆತ ಎರಡು ಹೆಜ್ಜೆ ಹಿಂದೆ ಸರಿದರು.

ಫಲಿತಾಂಶ ಬರೆಯೋ ಪುಸ್ತಕ ಎಳೆದುಕೊಂಡಳು. ವ್ಯತ್ಯಾಸ ಇದ್ದರೆ ಕಾರಣ ಅಂತ ಒಂದು ಅಂಕಣ, ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಯಲ್ಲಿ ಯಾವತ್ತೂ ತುಂಬದ ಅಂಕಣ. ಬಾಗಿಲಾಚೆ ಅಣ್ಣ ಎದ್ದು ನಿಂತಿದ್ದಾನೆ, ಗಾಜಿಗೆ ಹತ್ತಿರ, ಇವಳ ಕೈ ನೋಡ್ತಾ ಇದ್ದಾನೆ, ಮುಖದಲ್ಲಿ ಇವತ್ತು ಯಾವ ನಾಟಕವೂ ಇಲ್ಲ, ಸುಮ್ಮನೆ ಹೆದರಿದ ಮುಖ, ಈ ಮುಖವನ್ನು ಅವಳು ಮೊದಲು ನೋಡೇ ಇರಲಿಲ್ಲ. ಅವನು ಯಾವತ್ತೂ ಹೇಳದ ಮಾತನ್ನು ಇವಳು ಬರೆದು, ಸಹಿ ಹಾಕಿ, ಹನ್ನೆರಡು ಗಂಟೆಗೆ ಎಲ್ಲರ ಮುಂದೆ ಓದಬೇಕು, ಸಂಜೆ ಕ್ಯಾಂಟೀನಿನಲ್ಲಿ ಮತ್ತೆ ನಗ್ತಾರೆ, ನಗಲಿ, ನಕ್ಕು ಸಾಯಲಿ. ಪೆನ್ನು ಕಾಗದ ಹರಿಯೋ ಹಾಗೆ ಒತ್ತಿ ಬರೆದಳು, ಮೊದಲ ಸಲ ತಟ್ಟೆ ಆರುವ ಮುನ್ನವೇ ನಾನು ತೂಗಿದ್ದೇನೆ, ಡ್ರೈಯರಿನಲ್ಲಿ ತಪ್ಪಿಲ್ಲ. ನಾನು ಅನ್ನೋ ಪದವನ್ನು ಇನ್ನೊಂದು ಸಲ ತಿದ್ದಿ ದಪ್ಪ ಮಾಡಿದಳು. ಗೊತ್ತಿರಲಿಲ್ಲ ಅಂತ ಬರೆಯೋ ಹಾಗಿಲ್ಲ, ಗೊತ್ತಿತ್ತು, ಕಣ್ಣೆದುರೇ ಇತ್ತು, ಹಸಿರು ಪರದೆ, ಕೊನೆಯ ಅಂಕಿ, ಮೂರು, ನಾಲ್ಕು, ಒಂದು ಕ್ಷಣ ಬಿಟ್ಟು ಆರು, ನಿಲ್ಲದೆ, ಒಂದೊಂದಾಗಿ, ಅದು ಏರ್ತಾ ಇದೆ ಅಂತ ಕಂಡು, ಚೆನ್ನಾಗಿ ಕಂಡು, ಅವಳ ಬೆರಳು ತೂಕ ಅಚ್ಚು ಹಾಕೋ ಗುಂಡಿ ಒತ್ತಿತು, ಆರು, ಏಳು, ಒತ್ತಿದ ಮೇಲೂ, ಕಾಗದ ಹೊರಗೆ ಬಂದ ಮೇಲೂ, ಒಂಬತ್ತು, ಇನ್ನೂ ಏರ್ತಾನೇ ಇತ್ತು