ಎರಡನೇ ಸಿಲಿಂಡರಿನ ಟಕಟಕ

ನನ್ನ ಪುಟ್ಟ ಕಾರಿನ ಇಂಜಿನ್ನಿಗೆ ಮೂರು ಸಿಲಿಂಡರ್, ಆರು ವಾಲ್ವ್. ಗಾತ್ರ ಎಂಟುನೂರು ಸಿಸಿಗೆ ನಾಲ್ಕು ಕಡಿಮೆ. ಇಪ್ಪತ್ತಾರು ವರ್ಷಗಳಲ್ಲಿ ಅದು ನನ್ನನ್ನು ನಡುದಾರಿಯಲ್ಲಿ ನಿಲ್ಲಿಸಿದ್ದು ಎರಡೇ ಸಲ, ಎರಡು ಸಲವೂ ನಾನು ಪೆಟ್ರೋಲ್ ಹಾಕಿಸಲು ಮರೆತಿದ್ದೆ. ಐದು ಸಾವಿರ ಕಿಲೋಮೀಟರಿಗೊಮ್ಮೆ ಹೊಸ ಆಯಿಲ್, ಹತ್ತು ಸಾವಿರಕ್ಕೊಮ್ಮೆ ಪ್ಲಗ್ಗು, ಬೇಸಗೆಯ ಮೊದಲು ರೇಡಿಯೇಟರಿನ ನೀರು. ಇಷ್ಟು ಕೊಟ್ಟರೆ ಅದು ಮತ್ತೇನನ್ನೂ ಕೇಳುವುದಿಲ್ಲ. ಇಂಥ ಅಲ್ಪತೃಪ್ತಿಯನ್ನು ನಾನು ಯಾವ ಕವಿಯಲ್ಲೂ ಕಂಡಿಲ್ಲ.

ಕೊರತೆ ಒಂದೇ: ಹದಿನೆಂಟು ವರ್ಷಗಳಿಂದ ಬಾನೆಟ್ಟಿನೊಳಗೆ ಒಂದು ಟಕಟಕ. ಪ್ರತಿ ಸರ್ವೀಸಿನಲ್ಲೂ ನಾನು ದೂರುತ್ತಿದ್ದೆ. ಗ್ಯಾರೇಜಿನ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿ, ಕಣ್ಣುಮುಚ್ಚಿ ಆಲಿಸುತ್ತಿದ್ದ. ಆಮೇಲೆ ವೈದ್ಯರ ಗಾಂಭೀರ್ಯದಿಂದ ಹೇಳುತ್ತಿದ್ದ: "ಇದು ಹುಟ್ಟುಗುಣ ಸಾರ್. ಸುಟ್ಟರೂ ಹೋಗಲ್ಲ."

ಈ ವರ್ಷ ಮೇಸ್ತ್ರಿಯ ಕಣ್ಣಿಗೆ ಪೊರೆ ಬಂದು, ಸ್ಪ್ಯಾನರು ಮಗಳ ಕೈಗೆ ಹೋಯಿತು. ಅವನು ಕಣ್ಣಾಸ್ಪತ್ರೆಯಲ್ಲಿದ್ದ ವಾರ ನಾನು ಕಾರನ್ನು ಅವಳಲ್ಲಿ ಬಿಟ್ಟೆ. ಮರುದಿನ ಬೆಳಿಗ್ಗೆ, ಇಂಜಿನ್ನು ಪೂರ್ತಿ ತಣ್ಣಗಿರುವಾಗ, ಅವಳು ಮೇಲಿನ ಮುಚ್ಚಳ ಬಿಚ್ಚಿದಳು. ಪ್ರತಿ ವಾಲ್ವಿನ ತಲೆಯ ಮೇಲಿರುವ ಸಂದಿಯಲ್ಲಿ, ಎಲೆಯಷ್ಟು ತೆಳ್ಳಗಿನ ಉಕ್ಕಿನ ಅಳತೆಪಟ್ಟಿಯನ್ನು ತೂರಿಸಿ ನೋಡುತ್ತ ಹೋದಳು.

"ಎಲ್ಲಾ ಅಳತೆಗೆ ಸರಿಯಾಗಿದೆ ಸಾರ್. ಎರಡನೇ ಸಿಲಿಂಡರಿಂದು ಒಂದು ಮಾತ್ರ ಸಡಿಲ. ಹದಿನೆಂಟು ವರ್ಷ ಕಾಣಿಸ್ಲಿಲ್ಲ ಅಂದ್ರೆ, ಅಪ್ಪನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು ಅಂತ ಕಾಣುತ್ತೆ!"

ಐದು ನಿಮಿಷದ ಕೆಲಸ. ಕಾರು ಬೆಕ್ಕಿನಂತೆ ಹೊರಟಿತು. ನಾನು ಕರಡು ತಿದ್ದುವ ಮುದ್ರಣಾಲಯದಲ್ಲಿ ದಿನವಿಡೀ ಈ ನಿಶ್ಶಬ್ದದ ಬಗ್ಗೆಯೇ ಎಲ್ಲರ ತಲೆ ತಿಂದೆ.

ನಾಲ್ಕು ಗಂಟೆಗೆ ಮನೆ ಮುಟ್ಟಿದೆ. ಮೆಟ್ಟಿಲು ಹತ್ತುತ್ತಿದ್ದಂತೆ ನಮ್ಮ ಬಾಗಿಲಿನ ಹಿಂದಿನಿಂದ ಹಾಡು ಕೇಳಿಸಿತು. ರೇಡಿಯೋ ಎಂದುಕೊಂಡೆ. ಮೂರು ಮೆಟ್ಟಿಲು ಏರುವಷ್ಟರಲ್ಲಿ ಪದಗಳು ಸ್ಪಷ್ಟವಾದವು. ಕೈ ಕಂಬಿಯ ಮೇಲೆಯೇ ನಿಂತಿತು. ಮದುವೆಯಾದ ಹೊಸತರಲ್ಲಿ ನಾನು ಹೆಂಡತಿಗೆ ಓದಿ ಹೇಳಿದ್ದ ಒಂದು ನವ್ಯ ಕವಿತೆ ಅದು. ಅಂದು ಅವಳು ಅದನ್ನು ಮೆಲ್ಲಗೆ ಗುನುಗಿದ್ದಳು. "ಇಂಥ ಕವಿತೆಗಳು ಹಾಡುವುದಕ್ಕಲ್ಲ, ಓದುವುದಕ್ಕೆ. ನೀನು ಉಸಿರು ಎಳೆದ ಜಾಗವೂ ತಪ್ಪು" ಎಂದು ನಾನು ತಿದ್ದಿದ್ದೆ. ಅದಾದ ಮೇಲೆ ಅವಳ ದನಿಯಲ್ಲಿ ಹಾಡು ಕೇಳಿದ ನೆನಪು ನನಗಿಲ್ಲ. ಈಗ ಅದೇ ತಪ್ಪು ಜಾಗದಲ್ಲಿ ಉಸಿರೆಳೆದು ಹಾಡುತ್ತಿದ್ದಳು; ಕವಿತೆಗೆ ಆ ಉಸಿರು ಮೊದಲಿನಿಂದಲೂ ಬೇಕಾಗಿತ್ತೇನೋ ಎನಿಸಿತು.

ಬೀಗದ ಕೈಯ ಸದ್ದಾಯಿತು. ಹಾಡು ಕತ್ತರಿಸಿದಂತೆ ನಿಂತಿತು.

"ಕಳ್ಳನ ಹಾಗೆ ಬಂದ್ರಲ್ಲಾ!" ಅವಳ ಮುಖ ಕೆಂಪಾಗಿತ್ತು. "ಗಾಡಿ ಎಲ್ಲಿ?"

"ಕೆಳಗೇ ಇದೆ. ಟಕಟಕ ಹೋಯ್ತು ಕಣೇ!"

"ಹೋಯ್ತಾ?" ಎಂದಳು, ಯಾರೋ ಬೇಕಾದವರು ಹೋದ ಸುದ್ದಿ ಕೇಳಿದಂತೆ.

ಮುಂದಿನ ನಾಲ್ಕು ದಿನ ನಾನು ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟೆ. ಪಾತ್ರೆಯ ಸದ್ದು, ನಲ್ಲಿಯ ಸದ್ದು, ಅಷ್ಟೇ. ಐದನೆಯ ದಿನ ತಡೆಯಲಾರದೆ ಕೇಳಿದೆ: "ಯಾಕೆ, ಹಾಡೋದು ನಿಲ್ಲಿಸಿಬಿಟ್ಯಾ?"

"ಯಾರು, ನಾನಾ? ನನಗೆಲ್ಲಿ ಬರುತ್ತೆ ಹಾಡು?" ಎಂದು ಒಳಗೆ ಹೋದಳು.

ಮೇಸ್ತ್ರಿ ಕಣ್ಣಾಸ್ಪತ್ರೆಯಿಂದ ಬಂದನೆಂದು ಕೇಳಿ ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಹಳೆಯ ಟೈರಿನ ಮೇಲೆ ಕುಳಿತಿದ್ದ. ಕಾರು ಬಂದು ನಿಂತ ಬಗೆಯನ್ನು ಕೇಳಿಯೇ ಮಗಳತ್ತ ತಿರುಗಿದ.

"ಅಯ್ಯೋ ಮಹಾರಾಯ್ತಿ, ಅದನ್ನ ಬಿಗಿ ಮಾಡಿದ್ಯಾ?"

"ಸಡಿಲ ಇತ್ತು ಅಪ್ಪ!"

"ಇತ್ತಲ್ಲ, ನಾನೇ ಬಿಟ್ಟಿದ್ದೆ." ಅವನು ನನ್ನತ್ತ ತಿರುಗಿ ತಲೆ ಕೆರೆದುಕೊಂಡ. "ಇನ್ನು ಮುಚ್ಚಿಟ್ಟು ಏನು ಪ್ರಯೋಜನ. ಹದಿನೆಂಟು ವರ್ಷದ ಹಿಂದೆ ಅಮ್ಮನೋರನ್ನ ಜೊತೆಗೆ ಕರ್ಕೊಂಡು ಬಂದಿದ್ರಿ. ನೀವು ಎದುರಂಗಡಿಗೆ ಸಿಗರೇಟಿಗೆ ಹೋದಾಗ ಅವರು ಹೇಳಿದ್ರು: 'ಮೇಸ್ತ್ರಿ, ಆ ಸದ್ದು ತೆಗೀಬೇಡಿ. ಬೀದಿ ತಿರುವಿಗೆ ಬಂದಾಗಲೇ ನನಗೆ ಕೇಳಿಸುತ್ತೆ. ಹಾಡು ನಿಲ್ಲಿಸೋಕೆ ಅರ್ಧ ನಿಮಿಷ ಸಿಗುತ್ತೆ.'"

"ಯಾಕೆ ನಿಲ್ಲಿಸ್ಬೇಕು ಅಂತ ನೀನು ಕೇಳ್ಲಿಲ್ವಾ?"

"ಕೇಳ್ದೆ ಸಾರ್. 'ನಿಮ್ಮ ಸಾಹೇಬ್ರು ಕರಡು ತಿದ್ದೋರು' ಅಂದು ನಕ್ಕುಬಿಟ್ರು."

ಎಷ್ಟೋ ಪುಸ್ತಕಗಳ ಅಚ್ಚಿನ ತಪ್ಪುಗಳನ್ನು ಹೆಕ್ಕಿದ ಕಣ್ಣುಗಳು ನನ್ನವು. ಮನೆಯಲ್ಲಿ ಬಿಟ್ಟುಹೋದ ಒಂದು ಇಡೀ ಸಾಲು ಅವಕ್ಕೆ ಕಾಣಿಸಿರಲಿಲ್ಲ.

"ಅದನ್ನ ಮೊದಲಿನ ಹಾಗೇ ಸಡಿಲ ಮಾಡಿಕೊಡಮ್ಮ" ಎಂದೆ ಮಗಳಿಗೆ.

"ಕೆಡಿಸಿಕೊಡಿ ಅಂತ ಬಂದ ಮೊದಲನೇ ಗಿರಾಕಿ ನೀವು! ಬುಕ್ಕಲ್ಲಿ ಒಂದಳತೆ ಇದೆ ಸಾರ್. ಸಡಿಲ ಬಿಟ್ರೆ ಬಡಿದು ಬಡಿದು ಸವೆಯುತ್ತೆ."

"ಬಿಗಿಯಾದ್ರೆ ವಾಲ್ವು ಸದ್ದಿಲ್ಲದೆ ಸುಟ್ಟುಹೋಗುತ್ತೆ" ಎಂದ ಮೇಸ್ತ್ರಿ. "ಟಕಟಕ ಅನ್ನೋದು ಅಷ್ಟು ಬೇಗ ಸಾಯಲ್ಲ. ಕೂದಲೆಳೆಯಷ್ಟು ಸಂದಿ ಬಿಡು ಮಗಳೇ, ಆರು ತಿಂಗಳಿಗೊಮ್ಮೆ ನೋಡ್ಕೋತಾ ಇರು. ನಾನು ಹಾಗೇ ಕಾಪಾಡಿದ್ದು."

ಅವಳು ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡಿದಳು. "ಆಯ್ತು. ಆದ್ರೆ ಆರು ತಿಂಗಳಿಗೆ ಸರಿಯಾಗಿ ಬರ್ಬೇಕು. ತಪ್ಪಿಸಿದ್ರೆ ಮನೆಗೇ ಬಂದು, ನಿಮಗೆ ಎಲ್ಲಾ ಗೊತ್ತು ಅಂತ ಅಮ್ಮನೋರಿಗೆ ಹೇಳಿಬಿಡ್ತೀನಿ. ಈಗ ಕೂತ್ಕೊಳ್ಳಿ, ಇಂಜಿನ್ ತಣ್ಣಗಾಗ್ಲಿ."

ಅದು ತಣ್ಣಗಾಗಲು ಮಧ್ಯಾಹ್ನವಾಯಿತು. ಮೇಸ್ತ್ರಿ ಮತ್ತು ನಾನು ಎರಡು ಟೈರುಗಳ ಮೇಲೆ ಅಕ್ಕಪಕ್ಕ ಕುಳಿತು ಕಾದೆವು. ಅವಳು ಅಳೆದಳು, ಸಡಿಲಿಸಿದಳು, ಮತ್ತೆ ಅಳೆದಳು. ಕೊನೆಗೆ ಅಪ್ಪನ ಸ್ಕ್ರೂಡ್ರೈವರನ್ನು ನನ್ನ ಕಿವಿಗೇ ಒತ್ತಿ ಕೇಳಿಸಿದಳು. ಟಕಟಕ, ಟಕಟಕ.

ಬೀದಿಯ ತಿರುವಿನಲ್ಲಿ ಆ ಸದ್ದು ಎರಡು ಬದಿಯ ಗೋಡೆಗಳಿಗೆ ಬಡಿದು ನನಗಿಂತ ಮುಂದೆ ಓಡಿತು. ನಾನು ಮೇಲೆ ಹೋಗುವಷ್ಟರಲ್ಲಿ ಬಾಗಿಲು ತೆರೆದೇ ಇತ್ತು.

"ಅಯ್ಯೋ, ಮತ್ತೆ ಶುರುವಾಯ್ತಾ ಅದು?" ಎಂದಳು. ದನಿಯಲ್ಲಿ ಬೇಸರವಿತ್ತು, ಮುಖದಲ್ಲಿ ಇರಲಿಲ್ಲ.

"ಹುಟ್ಟುಗುಣವಂತೆ. ಆ ಹುಡುಗಿಗೆ ಕೆಲಸವೇ ಬರಲ್ಲ!" ಎಂದು ನಾನು ಅಗತ್ಯಕ್ಕಿಂತ ಹೆಚ್ಚು ರೇಗಿದೆ.

"ಪಾಪ, ಬೈಬೇಡಿ. ಕಲೀತಾಳೆ."

ಈಗ ಪ್ರತಿದಿನ ತಿರುವಿನಲ್ಲಿ ಮೊದಲನೇ ಗೇರಿಗೆ ಇಳಿಯುತ್ತೇನೆ. ಹಿಂದಿನವರು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋಗುತ್ತಾರೆ, ಹೋಗಲಿ. ಅಲ್ಲಿಂದ ನಮ್ಮ ಗೇಟಿಗೆ ಒಂದು ನಿಮಿಷ ಹಿಡಿಯುವಂತೆ ನೋಡಿಕೊಳ್ಳುತ್ತೇನೆ. ಒಂದು ಚರಣವನ್ನು ಪೂರ್ತಿ ಮುಗಿಸಲು, ಆ ಉಸಿರನ್ನೂ ಸೇರಿಸಿ, ಅರ್ಧ ನಿಮಿಷ ಸಾಲದು.