ಲೀಸಲ್ ಅತ್ತೆಯ ಫೋಟೊಗೆ ಹಾರ

೧

ಎಲ್ಲಿಂದ ಶುರು ಮಾಡಲಿ? ಮೊದಲ ಕರಡಿನಲ್ಲಿ ಜರ್ಮನಿಯ ಬಂದರು, ಮಂಜು, ಹಡಗಿನ ಸಿಳ್ಳು ಎಲ್ಲ ಇತ್ತು. ಬರೆದು ಹರಿದು ಹಾಕಿದೆ. ನಾನು ಹಡಗು ಹತ್ತಿದವಳೇ ಅಲ್ಲ, ಮಂಜಿನ ಬಗ್ಗೆ ಎಷ್ಟೆಂದು ಸುಳ್ಳು ಹೇಳಲಿ? ಅಮೆರಿಕದ ಷಾರ್ಲೆಟ್ ಊರಿನ ಒಂದು ಅಡುಗೆಮನೆಯಿಂದ ಶುರು ಮಾಡುತ್ತೇನೆ. ಹೋಳಿಗೆ ಬೇಯುತ್ತಿದೆ. ಅಮಾವಾಸ್ಯೆ, ಹಿರಿಯರ ಹಬ್ಬ.

೨

ನೀಲಗಂಗಾ ಬಾಗಲಕೋಟೆಯವಳು, ಡಾಕ್ಟರು. ಗಂಡ ಎರಿಕ್ ಜರ್ಮನ್ ಮೂಲದ ಮನೆಯವನು. (ಇವತ್ತು ಆಫೀಸಿಗೆ ಹೋಗಿದ್ದಾನೆ. ಕಥೆಯಲ್ಲಿ ಅವನಿಗೆ ಕೆಲಸವಿಲ್ಲ, ನಾನೇ ಕಳಿಸಿದೆ.) ಅವನ ಸೋದರತ್ತೆ ಲೀಸಲ್ ಎಂಬತ್ತು ದಾಟಿದವರು, ಚಿಕ್ಕ ಹುಡುಗಿಯಾಗಿದ್ದಾಗ ಅಪ್ಪ ಅಮ್ಮನ ಜೊತೆ ಈ ದೇಶಕ್ಕೆ ಬಂದವರು. ಮನೆತನದ ಹಳೆಯ ಕಾಗದ, ಫೋಟೊಗಳ ಪೆಟ್ಟಿಗೆಯನ್ನು ಹೋದ ಬೇಸಿಗೆಯಲ್ಲಿ ನೀಲಗಂಗಾಳ ಕೈಗೆ ಕೊಟ್ಟಿದ್ದರು. ಚೆನ್ನಾಗಿ ಇಟ್ಟುಕೊಂಡರೆ ಅವಳಿಗೆ, ಇಲ್ಲದಿದ್ದರೆ ಮ್ಯೂಸಿಯಮ್ಮಿಗೆ.

ಫೋಟೊ ಮುಟ್ಟಲು ಗ್ಲೌಸ್, ಕಾಗದಗಳು ಹಳದಿಯಾಗದಂತೆ ಆಸಿಡ್ ಇಲ್ಲದ ಫೋಲ್ಡರು, ಎಲ್ಲಕ್ಕೂ ಸ್ಕ್ಯಾನ್: ನೀಲಗಂಗಾ ಏನೂ ಬಿಡಲಿಲ್ಲ. ಅತ್ತೆಯ ಮನೆಯವರು ಹಡಗು ಹತ್ತುವ ಮುಂಚೆ ತೆಗೆಸಿದ ಫೋಟೊದ ಪ್ರಿಂಟಿಗೆ ಕಟ್ಟು ಹಾಕಿಸಿ ಗೋಡೆಗೂ ತೂಗುಹಾಕಿದಳು. ಪೆಟ್ಟಿಗೆ ಉಳಿದರೆ ತಾನು ಆ ಮನೆಯವಳು, ಇಲ್ಲದಿದ್ದರೆ ಯಾವತ್ತೂ ಎರಿಕ್‌ನ ಇಂಡಿಯನ್ ಹೆಂಡತಿ ಎಂದು ಅವಳಿಗೆ ಅನಿಸಿಬಿಟ್ಟಿತ್ತು.

ಇವತ್ತು ಅತ್ತೆ ನೋಡಲು ಬರುತ್ತಿದ್ದಾರೆ.

೩

ಊರಿನಿಂದ ಬಂದಿರುವ ನೀಲಗಂಗಾಳ ತಾಯಿ ಶಿವಬಸಮ್ಮ, ಮುಂಬಾಗಿಲಲ್ಲಿ ಅಂದಕ್ಕೆಂದು ಇಟ್ಟಿದ್ದ ಕುಂಡದ ಸೇವಂತಿಗೆಯನ್ನೆಲ್ಲ ಕಿತ್ತು ಹಾರ ಕಟ್ಟಿ ಆ ಫೋಟೊಗೆ ಹಾಕಿದ್ದಾರೆ. ಗಾಜಿಗೆ ವಿಭೂತಿ, ಮುಂದೆ ಹೋಳಿಗೆಯ ಎಡೆ. ಫೋಟೊದಲ್ಲಿ ಅಪ್ಪ, ಅಮ್ಮ, ಅಮ್ಮನ ತೊಡೆಯ ಮೇಲೊಂದು ಕೂಸು, ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ಆ ಹುಡುಗಿಯೇ ಲೀಸಲ್ ಅತ್ತೆ.

"ಅವ್ವಾ! ಅವ್ರಿನ್ನೂ ಜೀವಂತ ಅದಾರ! ಹೊರಗ ಕಾರ್ ಪಾರ್ಕ್ ಮಾಡಾಕತ್ತಾರ!"

"ಅಯ್ಯ ಶಿವನ! ಕಪ್ಪು-ಬಿಳಿ ಫೋಟೊ ನೋಡಿ ಎಲ್ಲಾರೂ ಹೋಗ್ಯಾರ ಅಂದ್ಕೊಂಡ್ನೆವ್ವಾ."

(ಇಲ್ಲಿ ಶಿವಬಸಮ್ಮ ನನ್ನ ಕಡೆ ತಿರುಗಿದರು. "ಏ ತಂಗಿ, ನನ್ನ್ಯಾಕ ದಡ್ಡಿ ಮಾಡಾಕತ್ತಿ? ಓದೋ ಮಂದಿ ನಗ್ತಾರ." ನಗಲಿ ಬಿಡಿ ಅಮ್ಮಾ, ಎಂದೆ. "ಹಂಗಾರ ಹೋಳಿಗಿ ಛಲೋ ಆಗ್ಯಾವ ಅಂತನೂ ಬರಿ." ಹೋಳಿಗೆ ಬಲು ಚೆನ್ನಾಗಿದ್ದವು.)

೪

ಮುಕ್ತಾಯ ಒಂದು: ಅತ್ತೆ ಮುಖ ಊದಿಸಿಕೊಂಡು ಪೆಟ್ಟಿಗೆ ಎತ್ತಿಕೊಂಡು ಹೊರಟರು.

ಮುಕ್ತಾಯ ಎರಡು: "ಇದು ನಮ್ಮಲ್ಲಿ ವೆಲ್‌ಕಮ್ ಡೆಕೊರೇಷನ್" ಎಂದು ನೀಲಗಂಗಾ ಬುರುಡೆ ಬಿಟ್ಟು ಪಾರಾದಳು. ನನಗೆ ಇದು ಇಷ್ಟವಿತ್ತು, ಅವಳು ಒಪ್ಪಲಿಲ್ಲ. "ಸುಳ್ಳ್ ಹೇಳಿ ಇಟ್ಕೊಂಡ್ರ ಅದು ನಂದು ಹೆಂಗ ಆಗ್ತದ್ರಿ?" ಎಂದಳು. ಅದನ್ನೂ ಹರಿದು ಹಾಕಿದೆ.

೫

ಹೀಗಾಗಿ ಒಳಗೆ ಬಂದ ಅತ್ತೆಗೆ ಅವಳು ನಿಜವನ್ನೇ ಹೇಳಿದಳು. ಇದು ತೀರಿಹೋದವರಿಗೆ ಮಾಡುವುದು, ಅವ್ವನಿಗೆ ಗೊತ್ತಾಗಲಿಲ್ಲ, ಸಾರಿ. ಅತ್ತೆ ಕನ್ನಡಕ ಏರಿಸಿ ತಮ್ಮ ಹಾರವನ್ನು ತಾವೇ ನೋಡಿದರು.

"ನನ್ನ ಪಾಲಿನದು ಇದೇನಾ?" ಎಂದು ಎಡೆಯ ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡರು. "ಪರವಾಗಿಲ್ಲ, ಸತ್ತವರಿಗೆ ಒಳ್ಳೆಯ ಊಟವನ್ನೇ ಹಾಕುತ್ತೀರಿ." (ಅವರ ಇಂಗ್ಲಿಷನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ, ನಂಬಿ.)

ಶಿವಬಸಮ್ಮನಿಗೆ ಧೈರ್ಯ ಬಂತು. "ಉಳದವ್ರ ಹೆಸರು ಕೇಳವ್ವಾ. ಹೆಸರು ಹಿಡದು ಕರೀಲಿಲ್ಲಂದ್ರ ಹಿರ್ಯಾರು ಉಣ್ಣಾಕ ಹೆಂಗ ಬರ್ತಾರ?"

ನೀಲಗಂಗಾ ಕೇಳಿದಳು. ಅಷ್ಟೊಂದು ಫೋಲ್ಡರು ಜೋಡಿಸಿದವಳು ಇದನ್ನು ಮಾತ್ರ ಕೇಳಿರಲಿಲ್ಲ.

"ಅಪ್ಪ ಹೈನ್ರಿಖ್. ಅಮ್ಮ ಆನ್ನಾ." ಅತ್ತೆಯ ಬೆರಳು ಕೂಸಿನ ಹತ್ತಿರ ನಿಂತಿತು. "ಇವನು ನನ್ನ ತಮ್ಮ, ಎರಿಕ್‌ನ ಅಪ್ಪನಿಗಿಂತ ಮುಂಚೆ ಹುಟ್ಟಿದವನು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಹೋದ. ಅಮ್ಮ ಅವನ ಹೆಸರೆತ್ತಲು ಬಿಡುತ್ತಿರಲಿಲ್ಲ. ಅಮ್ಮ ಹೋದ ಮೇಲೂ ನಾನು ಎತ್ತಲಿಲ್ಲ." ಆಮೇಲೆ ಮೆಲ್ಲಗೆ, "ಓಟೋ," ಎಂದರು.

ಶಿವಬಸಮ್ಮ ಬೇರೆ ಹೋಳಿಗೆ ಇಟ್ಟು ಕೈ ಮುಗಿದರು. "ಹೈನ್ರಿಕಪ್ಪ, ಅನ್ನಮ್ಮ, ಓಟಪ್ಪ, ಬರ್ರಿ, ಊಟಕ್ಕ ಬರ್ರಿ."

ಅತ್ತೆ ಅತ್ತರು, ನಡುನಡುವೆ ನಕ್ಕರು. ನೀಲಗಂಗಾಳಿಗೂ ತಡೆಯಲಾಗಲಿಲ್ಲ.

೬

ಪೆಟ್ಟಿಗೆ ಕೊನೆಗೆ ಯಾರದಾಯಿತು ಎನ್ನುತ್ತೀರಾ? ಗೊತ್ತಿಲ್ಲ. ಮೂವರೂ ಅದರ ಮುಂದೆ ಕೂತಿದ್ದಾರೆ. ಅತ್ತೆ ಒಂದೊಂದೇ ಫೋಟೊ ತೆಗೆದು ಹೆಸರು ಹೇಳುತ್ತಾರೆ, ನೀಲಗಂಗಾ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಹಗುರಾಗಿ ಬರೆಯುತ್ತಾಳೆ, ಶಿವಬಸಮ್ಮ ತಮ್ಮ ನಾಲಗೆಗೆ ಬಂದ ಹಾಗೆ ಕೂಗಿ ಕರೆಯುತ್ತಾರೆ. ಕಥೆ ಮುಗಿಸಬೇಕಿತ್ತು, ಪೆಟ್ಟಿಗೆಯದು ಏನಾಯಿತು ಎಂದು ನಾನು ಬಾಯಿ ಹಾಕಿದೆ.

"ತಡಿ ತಂಗಿ," ಎಂದು ಶಿವಬಸಮ್ಮ ಗದರಿದರು, "ಇನ್ನೂ ಮಂದಿ ಬರೋರದಾರ."